ಸಾವಿರ ವರ್ಡ್ ಮೆಮೊರಿಯಲ್ಲಿ ಒಂದು ಕಂಪೈಲರ್: ಗ್ರೇಸ್ ಹಾಪರ್

ಗ್ರೇಸ್ ಹಾಪರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದು ಪತಂಗ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ ಒಂದರಲ್ಲಿ ಸಿಕ್ಕಿಬಿದ್ದಿದ್ದ ಪತಂಗವನ್ನು ಲಾಗ್‌ಬುಕ್ಕಿನಲ್ಲಿ ಅಂಟಿಸಿಟ್ಟರು, ಬಗ್ ಅನ್ನೋ ಪದ ಅಲ್ಲಿಂದಲೇ ಬಂತು ಅಂತ ಫಸ್ಟ್ ಸೆಮ್‌ನಲ್ಲೇ ಯಾರಾದರೂ ಹೇಳಿರ್ತಾರೆ. ಪತಂಗದ ವಿಷಯ ನಿಜ. ಆ ಪುಟ ಈಗಲೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಆದರೆ ಅದನ್ನು ಹಿಡಿದದ್ದು ಹಾಪರ್ ಅಲ್ಲ, ಅವರ ಜೊತೆ ಕೆಲಸ ಮಾಡುತ್ತಿದ್ದವರು. ಬಗ್ ಅನ್ನೋ ಮಾತಂತೂ ಎಡಿಸನ್ ಕಾಲದಿಂದಲೇ ಎಂಜಿನಿಯರುಗಳ ಬಾಯಲ್ಲಿತ್ತು. ಹಾಪರ್ ಆ ಕಥೆಯನ್ನು ಹೋದಲ್ಲೆಲ್ಲ ಸೊಗಸಾಗಿ ಹೇಳುತ್ತಿದ್ದರು, ಅಷ್ಟೆ.

ಅವರು ಮಾಡಿದ ದೊಡ್ಡ ಕೆಲಸ ಬೇರೆ. ಪ್ರೋಗ್ರಾಂ ಜೋಡಿಸುವ ಬೇಸರದ ಕೆಲಸವನ್ನು ಮನುಷ್ಯರ ಕೈಯಿಂದ ಬಿಡಿಸಿ ಕಂಪ್ಯೂಟರಿಗೇ ಹಚ್ಚಿದರು. ಅದೂ 12,000 ಅಕ್ಷರ ಮಾತ್ರ ಹಿಡಿಯುವ ಮೆಮೊರಿ ಇಟ್ಟುಕೊಂಡು. ನೀವೀಗ ಓದುತ್ತಿರುವ ಈ ಲೇಖನ ಕೂಡ ಆ ಮೆಮೊರಿಯಲ್ಲಿ ಪೂರ್ತಿ ಹಿಡಿಸೋದಿಲ್ಲ. ನಾಲ್ಕು ಜಿಬಿ ರ‍್ಯಾಮ್ ಇರೋ ಲ್ಯಾಬ್ ಮಶೀನಿನಲ್ಲಿ ಬಿಲ್ಡ್ ಕೊಟ್ಟು, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೂ ಮುಗಿದಿರೋದಿಲ್ಲ ಅಂತ ಗೊಣಗುವ ನಾವು ಈ ಕಥೆಯನ್ನು ಓದಲೇಬೇಕು.

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಅಪ್ಪ ಇನ್ಶೂರೆನ್ಸ್ ವ್ಯವಹಾರದವರು, ಅಮ್ಮನಿಗೆ ಗಣಿತ ಅಂದರೆ ಇಷ್ಟ. ಏಳು ವರ್ಷದ ಹುಡುಗಿಗೆ ಅಲಾರಾಂ ಗಡಿಯಾರದೊಳಗೆ ಏನಿದೆ ಅಂತ ನೋಡುವ ಆಸೆಯಾಯಿತು. ಒಂದನ್ನು ಬಿಚ್ಚಿದಳು, ಮತ್ತೆ ಜೋಡಿಸೋಕೆ ಬರಲಿಲ್ಲ. ಹೇಗಿತ್ತು ಅಂತ ನೋಡೋಣವೆಂದು ಇನ್ನೊಂದನ್ನು ಬಿಚ್ಚಿದಳು. ಹೀಗೇ ಮನೆಯಲ್ಲಿದ್ದ ಏಳೂ ಗಡಿಯಾರ ಬಿಚ್ಚಿ ಹರಡಿದಳು. ಅಮ್ಮ ಬೈಯಲಿಲ್ಲ, ಇನ್ನು ಮುಂದೆ ಬಿಚ್ಚೋಕೆ ಒಂದೇ ಗಡಿಯಾರ ಅಂತ ನಿಯಮ ಮಾಡಿದರು. ಹದಿನಾರನೇ ವಯಸ್ಸಿಗೆ ವ್ಯಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಅಂಕ ಸಾಲದೆ ಒಂದು ವರ್ಷ ಕಾಯಬೇಕಾಯಿತು. ಬ್ಯಾಕ್‌ಲಾಗ್ ಇರುವವರು ಇದನ್ನು ಗಮನಿಸಬಹುದು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ. ನಡುವೆ 1930ರಲ್ಲಿ ವಿನ್ಸೆಂಟ್ ಹಾಪರ್ ಅವರೊಂದಿಗೆ ಮದುವೆಯಾಯಿತು. 1931ರಿಂದ ವ್ಯಾಸರ್‌ನಲ್ಲೇ ಪಾಠ ಹೇಳುತ್ತಿದ್ದರು. ವ್ಯಾಸರ್‌ನ ದಿನಗಳ ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ವಿದ್ಯಾರ್ಥಿನಿಯಾಗಿದ್ದಾಗ ಅವರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು.

ಎರಡನೇ ಮಹಾಯುದ್ಧ ಬರದಿದ್ದರೆ ಅವರು ಒಳ್ಳೆಯ ಗಣಿತದ ಮೇಡಂ ಆಗಿಯೇ ನಿವೃತ್ತರಾಗುತ್ತಿದ್ದರೇನೋ. ಅಮೆರಿಕ ಯುದ್ಧಕ್ಕಿಳಿದ ಮೇಲೆ ನೌಕಾಪಡೆ ಸೇರಲು ಹೊರಟರು. ವಯಸ್ಸು ಹೆಚ್ಚಾಯಿತು ಅಂದರು, ತೂಕ ಇರಬೇಕಾದ್ದಕ್ಕಿಂತ 15 ಪೌಂಡ್ ಕಡಿಮೆ ಅಂದರು. ಹಟ ಹಿಡಿದು ವಿಶೇಷ ಅನುಮತಿ ತಂದು, 1943ರ ಡಿಸೆಂಬರಿನಲ್ಲಿ ಮೀಸಲು ನೌಕಾಪಡೆಗೆ ಸೇರಿದರು. ತರಬೇತಿಯಲ್ಲಿ ಇಡೀ ತಂಡಕ್ಕೇ ಮೊದಲಿಗರು. 1944ರ ಜುಲೈನಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನ ಒಂದು ಕೋಣೆಗೆ.

ಆ ಕೋಣೆಯಲ್ಲಿದ್ದದ್ದು ಮಾರ್ಕ್ 1. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು ಐದು ಟನ್ ತೂಕ. ಎರಡು ಸಂಖ್ಯೆ ಕೂಡಿಸಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು, ಗುಣಿಸಲು ಸುಮಾರು ಆರು ಸೆಕೆಂಡು. ಲೆಕ್ಕದ ನಡುವೆ ನೆನಪಿಟ್ಟುಕೊಳ್ಳುವ ಜಾಗ 72 ಸಂಖ್ಯೆಗಳಿಗೆ ಮಾತ್ರ. ಪ್ರೋಗ್ರಾಂ ಇರುತ್ತಿದ್ದದ್ದು ತೂತು ಕೊರೆದ ಕಾಗದದ ಪಟ್ಟಿಯಲ್ಲಿ. ಲೂಪ್ ಬೇಕಾದರೆ ಆ ಪಟ್ಟಿಯ ಎರಡು ತುದಿಗಳನ್ನೂ ಸೇರಿಸಿ ಅಂಟಿಸಬೇಕು, ಅಕ್ಷರಶಃ ಲೂಪ್! ಯೋಜನೆಯ ಮುಖ್ಯಸ್ಥ ಹವರ್ಡ್ ಐಕನ್ ಮಹಾ ಶಿಸ್ತಿನ ಮನುಷ್ಯ. ಹಾಪರ್ ಬಾಗಿಲಲ್ಲಿ ನಿಂತ ಕೂಡಲೇ ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಅಂತ ರೇಗಿ, ಒಂದು ವಾರದೊಳಗೆ ಮುಗಿಸಿ ಅಂತ ಲೆಕ್ಕವೊಂದನ್ನು ಕೈಗಿಟ್ಟರು. ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಆಗಲೇ ಅಲ್ಲಿದ್ದರು, ಹಾಪರ್ ಮೂರನೇ ಪ್ರೋಗ್ರಾಮರ್. ಮಾರ್ಕ್ 1ರ ಐನೂರಕ್ಕೂ ಹೆಚ್ಚು ಪುಟಗಳ ಮ್ಯಾನುಯಲ್ 1946ರಲ್ಲಿ ಹೊರಬಂತು. ಅದರ ಬಹುಭಾಗ ಬರೆದದ್ದು ಅವರೇ.

ನಮ್ಮ ಕಥೆಯ ಬೀಜ ಇಲ್ಲೇ ಇದೆ. ಸೈನ್ ಬೆಲೆ ಕಂಡುಹಿಡಿಯೋ ಕೋಡ್ ಒಮ್ಮೆ ಬರೆದು ಸರಿಯಾಗಿದೆ ಅಂತ ಖಚಿತವಾದರೆ, ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಮುಂದೆ ಸೈನ್ ಬೇಕಾದಾಗ ಬ್ಲಾಕ್ ಅವರ ನೋಟ್‌ಬುಕ್ಕಿನಿಂದ ಹಾಪರ್, ಹಾಪರ್ ಅವರದ್ದರಿಂದ ಕ್ಯಾಂಪ್‌ಬೆಲ್, ಹೀಗೆ ಕಾಪಿ ಮಾಡಿಕೊಳ್ಳೋದು. ನಮ್ಮ ಅಸೈನ್‌ಮೆಂಟ್ ವ್ಯವಸ್ಥೆ ಇದ್ದ ಹಾಗೇ. ಇದರಲ್ಲಿ ಎರಡು ತೊಂದರೆ ಇತ್ತು. ಹೊಸ ಪ್ರೋಗ್ರಾಮಿನಲ್ಲಿ ಆ ತುಣುಕು ಬೇರೆ ಜಾಗದಲ್ಲಿ ಕೂರುತ್ತದೆ, ಹಾಗಾಗಿ ಅದರೊಳಗಿನ ಅಡ್ರೆಸ್‌ಗಳಿಗೆಲ್ಲ ಇಷ್ಟು ಅಂತ ಕೂಡಿಸಬೇಕು. ಆ ಕೂಡಿಸೋದರಲ್ಲಿ ಗಣಿತದ ಪಂಡಿತರೂ ತಪ್ಪು ಮಾಡುತ್ತಿದ್ದರು. ಕಾಪಿ ಮಾಡೋದರಲ್ಲಿಯೂ ತಪ್ಪು: ಕೈಬರಹದ ಇಂಗ್ಲಿಷ್ ಬಿ ಅಕ್ಷರ 13 ಆಗೋದು, ಡೆಲ್ಟಾ ಚಿಹ್ನೆ 4 ಆಗೋದು. ತಪ್ಪಿಲ್ಲದೆ ಕೂಡಿಸುವ, ತಪ್ಪಿಲ್ಲದೆ ಕಾಪಿ ಮಾಡುವ ಯಂತ್ರ ಎದುರಿಗೇ ನಿಂತಿದೆ, ಆ ಕೆಲಸ ಮನುಷ್ಯರು ಯಾಕೆ ಮಾಡಬೇಕು? ಇಷ್ಟು ಸರಳ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಬರೆಯಲು ಇನ್ನೂ ಏಳು ವರ್ಷ ಬೇಕಾಯಿತು.

ಆ ಏಳು ವರ್ಷ ಅವರಿಗೆ ಸುಲಭದ್ದಾಗಿರಲಿಲ್ಲ. 1945ರಲ್ಲಿ ವಿಚ್ಛೇದನವಾಯಿತು. ಯುದ್ಧ ಮುಗಿದ ಮೇಲೆ ನೌಕಾಪಡೆಯ ಖಾಯಂ ಸೇವೆಗೆ ಕೇಳಿದರೆ ವಯಸ್ಸು ಮೀರಿದೆ ಅಂದರು. ವ್ಯಾಸರ್ ಪ್ರೊಫೆಸರ್ ಹುದ್ದೆ ಕೊಡುತ್ತೇನೆ ಅಂದಾಗ ಇವರು ಒಪ್ಪದೆ ಕಂಪ್ಯೂಟರ್ ಇದ್ದ ಹಾರ್ವರ್ಡ್‌ನಲ್ಲೇ ರಿಸರ್ಚ್ ಫೆಲೋ ಆಗಿ ಉಳಿದರು. ಆ ಅವಧಿಯೂ 1949ಕ್ಕೆ ಮುಗಿಯಿತು. ಕೈಯಲ್ಲಿ ಖಾಯಂ ಕೆಲಸವಿಲ್ಲ, ವಯಸ್ಸು ನಲವತ್ತು ದಾಟಿದೆ. ಈ ವರ್ಷಗಳಲ್ಲಿ ಕುಡಿತ ಅವರ ಕೈಮೀರಿತ್ತು, ಒಮ್ಮೆ ಪೊಲೀಸರ ವಶಕ್ಕೂ ಹೋಗಬೇಕಾಯಿತು. ಗೆಳೆಯರು ಹಿಡಿದು ನಿಲ್ಲಿಸಿದರು. ಅವರ ಬಗ್ಗೆ ಬರುವ ಸ್ಫೂರ್ತಿದಾಯಕ ಪೋಸ್ಟರುಗಳಲ್ಲಿ ಇದೆಲ್ಲ ಇರೋದಿಲ್ಲ. ಮುಂದೆ ಅವರು ಮಾಡಿದ್ದನ್ನು ಅಳೆಯೋಕೆ ಇದು ಗೊತ್ತಿರಬೇಕು ಅಂತ ನಮಗೆ ಅನಿಸುತ್ತದೆ.

1949ರಲ್ಲಿ ಅವರು ಸೇರಿದ್ದು ಫಿಲಡೆಲ್ಫಿಯಾದ ಎಕರ್ಟ್-ಮೌಕ್ಲಿ ಕಂಪನಿ. ಎನಿಯಾಕ್ ಕಟ್ಟಿದ ಇಬ್ಬರು ಎಂಜಿನಿಯರುಗಳು ಶುರುಮಾಡಿದ ಸ್ಟಾರ್ಟಪ್, ಯಾವಾಗ ಮುಳುಗುತ್ತದೋ ಅನ್ನೋ ಸ್ಥಿತಿ. ಮುಂದಿನ ವರ್ಷವೇ ರೆಮಿಂಗ್ಟನ್ ರ‍್ಯಾಂಡ್ ಅದನ್ನು ಕೊಂಡುಕೊಂಡಿತು. ಅಲ್ಲಿನ ಬೈನ್ಯಾಕ್ ಯಂತ್ರಕ್ಕೆ ಆಕ್ಟಲ್‌ನಲ್ಲಿ ಕೋಡ್ ಬರೆಯಬೇಕಿತ್ತು. ಹಾಪರ್‌ಗೆ ಅದು ಎಷ್ಟು ರೂಢಿಯಾಯಿತೆಂದರೆ, ತಿಂಗಳುಗಟ್ಟಲೆ ಅವರ ಬ್ಯಾಂಕ್ ಲೆಕ್ಕ ತಾಳೆಯಾಗಲಿಲ್ಲ. ಬ್ಯಾಂಕಿನಲ್ಲಿದ್ದ ತಮ್ಮ ಕೂತು ನೋಡಿದರೆ, ಅಕ್ಕ ಚೆಕ್‌ಬುಕ್ಕಿನಲ್ಲಿ ಆಗಾಗ ಎಂಟರ ಲೆಕ್ಕದಲ್ಲಿ ಕಳೆಯುತ್ತಿದ್ದರು.

1951ರಲ್ಲಿ ಯೂನಿವ್ಯಾಕ್ 1 ಬಂತು. ಐದು ಸಾವಿರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬುಗಳು, ಜೊತೆಗೆ ಲೋಹದ ಟೇಪಿನ ಡ್ರೈವ್‌ಗಳು. ಮೆಮೊರಿ 1000 ವರ್ಡ್, ಒಂದೊಂದು ವರ್ಡ್‌ಗೆ 12 ಅಕ್ಷರ. ಒಂದು ವರ್ಡ್‌ನಲ್ಲಿ ಎರಡು ಇನ್‌ಸ್ಟ್ರಕ್ಷನ್ ಕೂರುತ್ತವೆ. ಅಂದರೆ ಡೇಟಾ ಒಂದೂ ಇಲ್ಲದಿದ್ದರೂ 2000 ಇನ್‌ಸ್ಟ್ರಕ್ಷನ್‌ಗೆ ಮೆಮೊರಿ ಖಾಲಿ. ಆ ಮೆಮೊರಿಯೂ ನಮ್ಮ ರ‍್ಯಾಮ್ ತರಹದ್ದಲ್ಲ. ಪಾದರಸ ತುಂಬಿದ ಕೊಳವೆಯ ಒಂದು ತುದಿಯಿಂದ ಶಬ್ದದ ಅಲೆಯಾಗಿ ಬಿಟ್ಟ ಮಾಹಿತಿ ಇನ್ನೊಂದು ತುದಿ ತಲುಪಿದಾಗ, ಅದನ್ನೇ ಹಿಡಿದು ಮತ್ತೆ ಮೊದಲ ತುದಿಯಿಂದ ಬಿಡೋದು. ಹೀಗೆ ಸುತ್ತುತ್ತಲೇ ಇರುತ್ತದೆ. ನಮಗೆ ಬೇಕಾದ ವರ್ಡ್ ಸುತ್ತಿ ಬರೋವರೆಗೆ ಯಂತ್ರ ಕಾಯಬೇಕು.

ಪ್ರೋಗ್ರಾಮನ್ನು ಸುಲಭ ಮಾಡುವ ಪ್ರಯತ್ನಗಳು ಆಗಲೇ ನಡೆದಿದ್ದವು. ಜಾನ್ ಮೌಕ್ಲಿ ಸೂಚಿಸಿದ್ದ ಶಾರ್ಟ್ ಕೋಡ್‌ನಲ್ಲಿ ಸಮೀಕರಣದಂತೆ ಬರೆಯಬಹುದಿತ್ತು. ಆದರೆ ಅದು ಇಂಟರ್‌ಪ್ರಿಟರ್: ಪ್ರತಿ ಸಾಲನ್ನೂ ಪ್ರತಿ ಸಲವೂ ಹೊಸದಾಗಿ ಅರ್ಥಮಾಡಿಕೊಂಡು ಓಡಿಸಬೇಕು. ಕೈಯಲ್ಲಿ ಬರೆದ ಕೋಡ್‌ಗಿಂತ ಸುಮಾರು 50 ಪಟ್ಟು ನಿಧಾನ. ಇನ್ನೊಂದು ಕಡೆ ಬೆಟ್ಟಿ ಹಾಲ್ಬರ್ಟನ್ ಅವರು ಒಂದು ಸಾರ್ಟ್-ಮರ್ಜ್ ಜನರೇಟರ್ ಬರೆದಿದ್ದರು. ಫೈಲು ಹೇಗಿದೆ ಅಂತ ಹೇಳಿದರೆ ಸಾಕು, ಅದನ್ನು ಸಾರ್ಟ್ ಮಾಡುವ ಪ್ರೋಗ್ರಾಮನ್ನು ಅದೇ ಬರೆದುಕೊಡುತ್ತಿತ್ತು. ಪ್ರೋಗ್ರಾಂ ಬರೆಯುವ ಪ್ರೋಗ್ರಾಂ! ಹಾಪರ್‌ಗೆ ದಾರಿ ಕಂಡದ್ದು ಇಲ್ಲಿ. ಆ ಋಣವನ್ನು ಅವರು ಕೊನೆತನಕ ಹೇಳಿಕೊಂಡೇ ಬಂದರು.

1951ರ ಕೊನೆಗೆ ಶುರುಮಾಡಿ 1952ರ ಮೇ ಹೊತ್ತಿಗೆ ಅವರು ಮುಗಿಸಿದ ಪ್ರೋಗ್ರಾಮಿನ ಹೆಸರು ಎ-0. ಪರೀಕ್ಷೆ ಮಾಡಿ ಸರಿಯೆಂದು ಕಂಡ ಸಬ್‌ರೂಟೀನುಗಳನ್ನೆಲ್ಲ ಒಂದು ಟೇಪಿನಲ್ಲಿ ತುಂಬಿ, ಒಂದೊಂದಕ್ಕೂ ಒಂದು ಕಾಲ್ ನಂಬರ್ ಕೊಟ್ಟರು. ನಮ್ಮ ಲೈಬ್ರರಿಯ ಪುಸ್ತಕಗಳಿಗೆ ಇರುವ ಹಾಗೇ. ಪ್ರೋಗ್ರಾಮರ್ ಬರೆಯಬೇಕಾದ್ದು ಯಾವ ಕಾಲ್ ನಂಬರ್, ಯಾವ ಸಂಖ್ಯೆಯ ಮೇಲೆ, ಉತ್ತರ ಎಲ್ಲಿಡಬೇಕು, ಇಷ್ಟೇ. ಎ-0 ಆ ಪಟ್ಟಿ ಓದುತ್ತಾ ಹೋಗಿ, ಟೇಪಿನಿಂದ ಆಯಾ ತುಣುಕನ್ನು ಎಳೆದು ತಂದು, ಅಡ್ರೆಸ್‌ಗಳಿಗೆ ಎಷ್ಟು ಕೂಡಿಸಬೇಕೋ ಕೂಡಿಸಿ, ಸಿದ್ಧವಾದ ಪ್ರೋಗ್ರಾಮನ್ನು ಬರೆದಿಡುತ್ತಿತ್ತು. ಬೇರೆ ಬೇರೆ ಕಡೆಯಿಂದ ಆರಿಸಿ ತಂದು ಒಂದು ಕಡೆ ಸಂಕಲಿಸುವ ಕೆಲಸ ಆದ್ದರಿಂದ ಕಂಪೈಲರ್ ಅಂತ ಕರೆದರು. ಇವತ್ತಿನ ಲೆಕ್ಕದಲ್ಲಿ ನೋಡಿದರೆ ಇದು ಕಂಪೈಲರ್ ಅನ್ನೋದಕ್ಕಿಂತ ಲಿಂಕರ್ ಮತ್ತು ಲೋಡರ್‌ಗೆ ಹತ್ತಿರ. ಹಾಗಂತ ಕೆಲವರು ಇದನ್ನು ಕಡಿಮೆ ಮಾಡಿ ಮಾತಾಡುತ್ತಾರೆ. ನಮಗೆ ಹಾಗೆ ಅನಿಸೋದಿಲ್ಲ. ಒಮ್ಮೆ ಸರಿಮಾಡಿದ ಕೋಡನ್ನು ಮತ್ತೆ ಮುಟ್ಟದೆ ಜೋಡಿಸು ಅನ್ನೋದು ಈಗಲೂ ಬಿಲ್ಡ್ ವೇಗ ಹೆಚ್ಚಿಸುವ ಮೊದಲ ಉಪಾಯ. ನಾವು ಒಂದು ಫೈಲ್ ಬದಲಾಯಿಸಿದಾಗ ಮೇಕ್ ಉಳಿದ ಫೈಲುಗಳ ಹಳೆಯ ಆಬ್ಜೆಕ್ಟ್‌ಗಳನ್ನೇ ಇಟ್ಟುಕೊಂಡು ಲಿಂಕ್ ಮಾಡುತ್ತದಲ್ಲ, ಅದರ ಹಿಂದಿರೋದೂ ಇದೇ ಯೋಚನೆ.

ಆದರೆ ಒಂದು ಕಡೆ ಕೆಲಸ ಸಿಕ್ಕಿಹಾಕಿಕೊಂಡಿತು. ಮೆಮೊರಿ ಇಷ್ಟೇ ಇರುವಾಗ ಇಡೀ ಪ್ರೋಗ್ರಾಮನ್ನು ಒಳಗಿಟ್ಟುಕೊಂಡು ಹಿಂದೆ ಮುಂದೆ ಓಡಾಡೋಕೆ ಆಗೋದಿಲ್ಲ. ಹಾಪರ್ ಅದನ್ನು ಒಂದೇ ಪಾಸ್‌ನಲ್ಲಿ ಮುಗಿಸಲು ಹೊರಟರು: ಮೊದಲಿಂದ ಕೊನೆಗೆ ಒಂದೇ ಸಲ ಓದೋದು, ಆದಷ್ಟನ್ನು ಹೊರಗೆ ಬರೆದುಬಿಡೋದು. ಹಿಂದಕ್ಕೆ ಜಂಪ್ ಇದ್ದರೆ ಸುಲಭ, ಆ ಜಾಗ ಯಾವುದೆಂದು ಆಗಲೇ ಗೊತ್ತು. ಮುಂದಕ್ಕೆ ಜಂಪ್ ಬಂದರೆ? ಹೋಗಬೇಕಾದ ತುಣುಕು ಇನ್ನೂ ಬಂದೇ ಇಲ್ಲ, ಅದರ ಅಡ್ರೆಸ್ ಯಾರಿಗೂ ಗೊತ್ತಿಲ್ಲ. ಸಿಸ್ಟಮ್ ಸಾಫ್ಟ್‌ವೇರ್ ಪುಸ್ತಕದಲ್ಲಿ ಫಾರ್ವರ್ಡ್ ರೆಫರೆನ್ಸ್ ಅಂತ ಬರುವ ಸಮಸ್ಯೆ ಇದೇ. ಪುಸ್ತಕದವರು ಎರಡು ಪಾಸ್ ಮಾಡಿ ಅಂತ ಹೇಳಿ ಮುಂದೆ ಹೋಗುತ್ತಾರೆ.

ಇಲ್ಲಿ ಬ್ಯಾಸ್ಕೆಟ್‌ಬಾಲ್ ಬರುತ್ತದೆ. ಹಾಪರ್ ಆಡುತ್ತಿದ್ದ ಕಾಲದ ಮಹಿಳೆಯರ ನಿಯಮದಲ್ಲಿ ಚೆಂಡನ್ನು ಒಂದೇ ಸಲ ನೆಲಕ್ಕೆ ಪುಟಿಸಬಹುದು, ಕೈಯಲ್ಲಿ ಹಿಡಿದು ಹೆಜ್ಜೆ ಇಡುವ ಹಾಗಿಲ್ಲ. ಚೆಂಡು ಸಮೇತ ಬಾಸ್ಕೆಟ್ ಹತ್ತಿರ ಹೋಗಬೇಕಾದರೆ ಇದ್ದದ್ದು ಒಂದೇ ದಾರಿ. ಪಕ್ಕದಲ್ಲಿರುವ ನಮ್ಮ ತಂಡದವಳಿಗೆ ಎಸೆದು, ಮುಂದಕ್ಕೆ ಓಡಿ, ಅಲ್ಲಿ ಅವಳಿಂದ ವಾಪಸ್ ಹಿಡಿಯೋದು. ಹಾಪರ್ ಇದನ್ನೇ ಕೋಡ್‌ಗೆ ತಂದರು. ಮೆಮೊರಿಯ ಕೊನೆಯಲ್ಲಿ ಸ್ವಲ್ಪ ಜಾಗ ಬೇರೆಯಾಗಿಟ್ಟು ಅದಕ್ಕೆ ನ್ಯೂಟ್ರಲ್ ಕಾರ್ನರ್, ಅಂದರೆ ತಟಸ್ಥ ಮೂಲೆ ಅಂತ ಹೆಸರಿಟ್ಟರು. ಮುಂದಕ್ಕೆ ಹಾರಬೇಕಾದ ತುಣುಕು ನೇರವಾಗಿ ಹಾರದೆ ಈ ಮೂಲೆಯ ಒಂದು ಗೊತ್ತಾದ ಜಾಗಕ್ಕೆ ಹಾರುತ್ತದೆ. ಜೊತೆಗೆ ಮುಂದೆ ಬರಲಿರುವ ತುಣುಕಿನ ಹೆಸರಿಗೆ ಒಂದು ಫ್ಲ್ಯಾಗ್ ಏರಿಸಿಡುತ್ತದೆ. ಆ ತುಣುಕು ಬಂದಾಗ ತನ್ನ ಹೆಸರಿಗೆ ಫ್ಲ್ಯಾಗ್ ಇದೆಯಾ ಅಂತ ನೋಡಿ, ಇದ್ದರೆ ಮೂಲೆಯ ಆ ಜಾಗದಿಂದ ತನ್ನ ಅಡ್ರೆಸ್‌ಗೆ ಇನ್ನೊಂದು ಜಂಪ್ ಬರೆಯುತ್ತದೆ.

ಇನ್ನೂ ಅರ್ಥವಾಗದಿದ್ದರೆ ಹಾಸ್ಟೆಲ್ ಲೆಕ್ಕದಲ್ಲಿ ಹೇಳ್ತೀವಿ. ಮುಂದಿನ ವಾರ ಸೇರುವ ಹುಡುಗನಿಗೆ ಯಾವ ರೂಮ್ ಅಂತ ಇನ್ನೂ ಗೊತ್ತಾಗಿಲ್ಲ. ಅವನ ಊರಿನವರಿಗೆ ಗೇಟಿನ ಸೆಕ್ಯುರಿಟಿ ಅಣ್ಣನ ಹತ್ತಿರ ಬನ್ನಿ ಅಂತ ಹೇಳಿಬಿಡೋದು. ಹುಡುಗ ಬಂದು ರೂಮ್ ಸಿಕ್ಕಿದ ದಿನ ಅಣ್ಣನಿಗೆ ನಂಬರ್ ಕೊಟ್ಟರಾಯಿತು. ಆಗಲೇ ಹೇಳಿಯಾದವರಿಗೆಲ್ಲ ಮತ್ತೆ ಫೋನ್ ಮಾಡುವ ಕೆಲಸವಿಲ್ಲ. ಹಾಗೇ, ಬರೆದು ಹೊರಗೆ ಕಳಿಸಿದ ಕೋಡನ್ನು ಮತ್ತೆ ತಿದ್ದೋದು ಬೇಡ, ತಿದ್ದಬೇಕಾದ್ದು ಆ ಮೂಲೆ ಮಾತ್ರ. ಖರ್ಚು ಅಂದರೆ ಪ್ರೋಗ್ರಾಂ ಓಡುವಾಗ ಒಂದು ಜಂಪ್ ಬದಲು ಎರಡು. ಹೊರಗಿನ ಲೈಬ್ರರಿಯ ಫಂಕ್ಷನ್ ಕರೆಯುವಾಗ ನಮ್ಮ ಲಿನಕ್ಸ್ ಪ್ರೋಗ್ರಾಮುಗಳು ನಡುವೆ ಒಂದು ಟೇಬಲ್‌ಗೆ ಹಾರಿ ಅಲ್ಲಿಂದ ಮುಂದೆ ಹೋಗೋದನ್ನು ಡಿಬಗರ್‌ನಲ್ಲಿ ನೋಡಿದವರಿಗೆ ಈ ಮೂಲೆ ಪರಿಚಿತವೇ.

ನಮಗೂ ಇಲ್ಲಿ ಒಂದು ಕೆಲಸಕ್ಕೆ ಬರುವ ವಿಷಯವಿದೆ. ಮೆಮೊರಿ ಕಡಿಮೆ ಇರುವ ಮಶೀನಿನಲ್ಲಿ ಬಿಲ್ಡ್ ತೆವಳುವುದು ಪ್ರೊಸೆಸರ್ ನಿಧಾನವಾಗಿದ್ದಕ್ಕೇ ಅಂತಲ್ಲ. ಮೇಕ್‌ಗೆ ಎಂಟು ಕೆಲಸ ಒಟ್ಟಿಗೆ ಮಾಡು ಅಂದರೆ ಎಂಟು ಕಂಪೈಲರುಗಳು ಏಳುತ್ತವೆ, ಒಂದೊಂದೂ ಅದದೇ ಹೆಡರ್‌ಗಳನ್ನು ತಂತಮ್ಮ ಮೆಮೊರಿಯಲ್ಲಿ ಬಿಚ್ಚಿಕೊಂಡು ಕೂರುತ್ತವೆ. ರ‍್ಯಾಮ್ ತುಂಬಿದ ಮೇಲೆ ಸ್ವಾಪ್ ಶುರು. ಆಮೇಲೆ ಕಂಪೈಲರ್ ಅಲ್ಲ, ಡಿಸ್ಕ್ ಮಾತ್ರ ಓಡುತ್ತಿರುತ್ತದೆ. ಎಂಟನ್ನು ಎರಡು ಮಾಡಿದರೆ ಎಷ್ಟೋ ಸಲ ಬೇಗ ಮುಗಿಯುತ್ತದೆ. ಬೇಕಾದಷ್ಟನ್ನೇ ಒಳಗಿಟ್ಟುಕೊಂಡು ಉಳಿದದ್ದನ್ನು ಸಾಲಾಗಿ ಓದು, ಸಾಲಾಗಿ ಬರೆ ಅನ್ನೋ ಎ-0ದ ಪಾಠ ಇಲ್ಲಿಗೂ ಸಲ್ಲುತ್ತದೆ.

ಹೇಳೋಕೆ ಬೇಜಾರು, ಎ-0 ಬಂದಾಗ ಯಾರೂ ಕುಣಿದಾಡಲಿಲ್ಲ. 1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಎಸಿಎಂ ಸಭೆಯಲ್ಲಿ ಹಾಪರ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಕಂಪ್ಯೂಟರ್ ಲೆಕ್ಕ ಮಾಡುತ್ತದೆ, ಪ್ರೋಗ್ರಾಂ ಬರೆಯೋದಿಲ್ಲ ಅನ್ನೋದು ಆಗಿನ ನಂಬಿಕೆ. ಕೈಯಲ್ಲಿ ಬಿಗಿಯಾಗಿ ಕೋಡ್ ಬರೆಯಬಲ್ಲವರು ತಮ್ಮದು ಕಲೆ, ಯಂತ್ರಕ್ಕೆ ಅದು ಬರೋದಿಲ್ಲ ಅಂದರು. ಕಂಪನಿಗಳಿಗೆ ಇನ್ನೊಂದು ಲೆಕ್ಕ. ಯಂತ್ರದ ಗಂಟೆ ದುಬಾರಿ, ಮನುಷ್ಯರ ಗಂಟೆ ಅಗ್ಗ. ಅಷ್ಟು ದುಬಾರಿ ಯಂತ್ರವನ್ನು ಕಂಪೈಲ್ ಮಾಡೋಕೆ ಯಾಕೆ ಸವೆಸಬೇಕು? ಆ ದಿನದ ಮಟ್ಟಿಗೆ ಅದು ಮೂರ್ಖ ವಾದವೇನಲ್ಲ. ಹಾಪರ್ ನೋಡಿದ್ದು ಮುಂದಿನದನ್ನು. ಯಂತ್ರಗಳು ಅಗ್ಗವಾಗುತ್ತವೆ, ಹೆಚ್ಚುತ್ತವೆ, ಅಷ್ಟಕ್ಕೂ ಪ್ರೋಗ್ರಾಂ ಬರೆಯಲು ಜನ ಸಾಲೋದಿಲ್ಲ. ಎ-0 ಬೆಳೆದು 1953ರ ಹೊತ್ತಿಗೆ ಎ-2 ಆಯಿತು. ಅದನ್ನು ಸೋರ್ಸ್ ಸಮೇತ ಗ್ರಾಹಕರಿಗೆ ಕೊಟ್ಟು, ಸುಧಾರಣೆ ಮಾಡಿದರೆ ನಮಗೂ ಕಳಿಸಿ ಅಂದರು. 1954ರಲ್ಲಿ ಕಂಪನಿ ಅವರನ್ನು ಆಟೋಮ್ಯಾಟಿಕ್ ಪ್ರೋಗ್ರಾಮಿಂಗ್ ವಿಭಾಗದ ಮುಖ್ಯಸ್ಥೆ ಮಾಡಿತು.

ಮುಂದಿನ ಘಟನೆ ನಮ್ಮ ಕನ್ನಡ ಸಂಘದವರಿಗೆ ಬಹಳ ಇಷ್ಟವಾಗಬೇಕು. ಗಣಿತದವರಿಗೆ ಚಿಹ್ನೆಗಳು ಸಾಕು, ಆದರೆ ಸ್ಟಾಕ್ ಲೆಕ್ಕ, ಸಂಬಳದ ಲೆಕ್ಕ ನೋಡುವ ಜನ ಮಾತಿನಲ್ಲಿ ಬರೆಯಬೇಕು ಅಂತ ಹಾಪರ್ ತಂಡ ಇಂಗ್ಲಿಷ್ ಪದಗಳ ಒಂದು ಪುಟ್ಟ ಭಾಷೆ ಮಾಡಿತು. ಮ್ಯಾನೇಜ್‌ಮೆಂಟಿಗೆ ತೋರಿಸಲು ಚಿಕ್ಕದೊಂದು ಮಾದರಿ ಪ್ರೋಗ್ರಾಂ ಬರೆದು ಓಡಿಸಿದರು. ಅಷ್ಟಕ್ಕೆ ಬಿಡದೆ, ಪದಗಳನ್ನಷ್ಟೇ ಬದಲಾಯಿಸಿ ಅದೇ ಪ್ರೋಗ್ರಾಮನ್ನು ಫ್ರೆಂಚ್‌ನಲ್ಲಿ, ಆಮೇಲೆ ಜರ್ಮನ್‌ನಲ್ಲಿ ಓಡಿಸಿ ತೋರಿಸಿದರು. ಯಂತ್ರಕ್ಕೆ ಎಲ್ಲವೂ ಬಿಟ್‌ಗಳ ಸಾಲು, ಯಾವ ಭಾಷೆಯಾದರೇನು? ಸಭೆಯಲ್ಲಿದ್ದವರಿಗೆ ಗಾಬರಿ. ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಮರ್ಯಾದಸ್ಥ ಅಮೆರಿಕನ್ ಕಂಪ್ಯೂಟರ್ ಫ್ರೆಂಚ್, ಜರ್ಮನ್ ಹೇಗೆ ಅರ್ಥಮಾಡಿಕೊಳ್ಳುತ್ತದೆ! ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಯೋಚನೆ ಇಲ್ಲ ಅಂತ ಅವರನ್ನು ನಂಬಿಸಲು ನಾಲ್ಕು ತಿಂಗಳು ಹಿಡಿಯಿತು. ಆ ಭಾಷೆಯೇ ಫ್ಲೋ-ಮ್ಯಾಟಿಕ್. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕಂಪ್ಯೂಟರ್ ಅಂದರೆ ಇಂಗ್ಲಿಷ್ ಅಂತಲೇ ತಿಳಿದು ಬೆಳೆದ ನಮ್ಮಂಥವರಿಗೆ ಈ ಕಥೆ ಸ್ವಲ್ಪ ಚುಚ್ಚುತ್ತದೆ. ಇಫ್ ಅನ್ನೋ ಜಾಗದಲ್ಲಿ ಆದರೆ ಅಂತ ಬರೆದಿದ್ದರೂ ಆ ಪಾದರಸದ ಕೊಳವೆಗಳಿಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಕೋಬಾಲ್ ಕಥೆ ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀವಿ. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆಯಾದರೆ ಗತಿಯೇನು ಅಂತ 1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿತು. ಅಲ್ಲಿಂದ ಹುಟ್ಟಿದ ಸಮಿತಿ ಕೋಬಾಲ್ ರೂಪಿಸಿತು. ಹಾಪರ್ ಅದರ ಸಲಹೆಗಾರರಲ್ಲಿ ಒಬ್ಬರು. ಭಾಷೆಯನ್ನು ಅವರೊಬ್ಬರೇ ಬರೆದರು ಅನ್ನೋದು ಸರಿಯಲ್ಲ, ಜೀನ್ ಸ್ಯಾಮೆಟ್ ಮುಂತಾದವರು ರಾತ್ರಿ ಹಗಲು ದುಡಿದಿದ್ದಾರೆ. ಆದರೆ ಕೋಬಾಲ್ ಹೆಚ್ಚು ಸಾಲ ಪಡೆದದ್ದು ಫ್ಲೋ-ಮ್ಯಾಟಿಕ್‌ನಿಂದಲೇ. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಮತ್ತು ಯೂನಿವ್ಯಾಕ್ ಎರಡೂ ಯಂತ್ರಗಳಲ್ಲಿ ಓಡಿತು.

1966ರ ಕೊನೆಗೆ ವಯಸ್ಸಾಯಿತೆಂದು ನೌಕಾಪಡೆ ಅವರನ್ನು ನಿವೃತ್ತಿ ಮಾಡಿತು. ಏಳೆಂಟು ತಿಂಗಳಿಗೆ, ಕೋಬಾಲ್ ಗೊಂದಲ ಸರಿಮಾಡಲು ಆರು ತಿಂಗಳ ಮಟ್ಟಿಗೆ ಬನ್ನಿ ಅಂತ ಮತ್ತೆ ಕರೆಯಿತು. ಆ ಆರು ತಿಂಗಳು ಮುಗಿದದ್ದು 1986ರ ಆಗಸ್ಟಿನಲ್ಲಿ, ಅವರಿಗೆ 79 ವರ್ಷವಾಗಿದ್ದಾಗ, ರಿಯರ್ ಅಡ್ಮಿರಲ್ ಆಗಿ. ಅವರ ಆಫೀಸಿನ ಗೋಡೆಯ ಗಡಿಯಾರ ಹಿಂದುಮುಂದಾಗಿ ತಿರುಗುತ್ತಿತ್ತು. ಮೊದಲಿಂದಲೂ ಹೀಗೇ ಮಾಡಿದ್ದೇವೆ ಅನ್ನುತ್ತಾ ಬಂದವರಿಗೆ ಅದೇ ಉತ್ತರ. 1992ರ ಜನವರಿ 1ರಂದು ತೀರಿಕೊಂಡಾಗ ಅವರನ್ನು ಆರ್ಲಿಂಗ್ಟನ್‌ನ ಸೈನಿಕರ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಯುದ್ಧದಲ್ಲಿ ಯಾವ ಹಡಗಿಗೂ ಹೋಗದ ಅವರ ಹೆಸರಿನಲ್ಲಿ ಈಗ ನೌಕಾಪಡೆಯ ಒಂದು ಡೆಸ್ಟ್ರಾಯರ್ ಇದೆ.

ಕೊನೆಯ ವರ್ಷಗಳಲ್ಲಿ ಭಾಷಣಕ್ಕೆ ಹೋದಲ್ಲೆಲ್ಲ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋ ಸೆಕೆಂಡಿನಲ್ಲಿ ಬೆಳಕು ಹೋಗಬಲ್ಲ ದೂರ ಅಷ್ಟೇ. ಆಮೇಲೆ ಚೀಲದಿಂದ ಒಂದು ದೊಡ್ಡ ತಂತಿಯ ಸುರುಳಿ ತೆಗೆಯುತ್ತಿದ್ದರು. ಅದು ಮೈಕ್ರೋ ಸೆಕೆಂಡ್, 984 ಅಡಿ ಉದ್ದ. ಮೈಕ್ರೋ ಸೆಕೆಂಡ್ ವ್ಯರ್ಥ ಮಾಡುವಾಗ ಏನನ್ನು ಎಸೆಯುತ್ತಿದ್ದೇವೆ ಅಂತ ಗೊತ್ತಾಗಲು, ಪ್ರತಿ ಪ್ರೋಗ್ರಾಮರ್‌ನ ಮೇಜಿನ ಮೇಲೆ, ಬೇಕಾದರೆ ಕುತ್ತಿಗೆಗೇ, ಇಂಥದ್ದೊಂದನ್ನು ನೇತುಹಾಕಬೇಕು ಅಂತ ಅವರ ಸಲಹೆ. ತಂತಿಯ ಆ ತುಂಡುಗಳ ಒಂದು ಕಟ್ಟು ಈಗ ಸ್ಮಿತ್ಸೋನಿಯನ್‌ನಲ್ಲಿದೆ, ಪತಂಗ ಇರುವ ಅದೇ ಮ್ಯೂಸಿಯಂನಲ್ಲಿ.